ಪೈಪಿಗೊಂದು ಕೌದಿ

ಬೆಳಿಗ್ಗೆ ಫೋನ್ ಎತ್ತಿ ಹಲೋ ಅಂದಾಗ ಆ ಕಡೆಯಿಂದ ಬರೀ ಉಸಿರು ಕೇಳಿಸಿದರೆ ಯಾರು, ಏನು ಎಂದು ನಾನು ವಿಚಾರಿಸಲು ಹೋಗುತ್ತಿರಲಿಲ್ಲ. "ಮೊದಲ ಎರಡು ಗುಟುಕು ಬೆಚ್ಚನ್ನ ನೀರು ಕುಡೀರಿ, ಆಮ್ಯಾಲೆ ಮಾತಾಡ್ರಿ" ಎಂದುಬಿಡುತ್ತಿದ್ದೆ. ಹೊಸದಾಗಿ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗಿ ಎದ್ದವರ ಫೋನು ಹಾಗೆಯೇ ಬರುತ್ತಿತ್ತು. ಗಂಟಲು ಒಣಗಿ ದನಿಯೇ ಹೊರಡುತ್ತಿರಲಿಲ್ಲ. ಚಹಾ ಕುಡಿಯುತ್ತ ಕುಳಿತ ನಮ್ಮ ಮನೆಯವರು, "ಯಾರ ಜೋಡಿ ಮಾತಾಡಾಕತ್ತಿ, ಗಾಳಿ ಜೋಡಿ ಏನ?" ಎಂದು ಕಾಡುತ್ತಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ನೌಕರಿಯ ಕೊನೆಯ ವರ್ಷಗಳು ಗಾಳಿಯ ಜೊತೆಗಿನ ಜಗಳದಲ್ಲೇ ಕಳೆದವು.

ನಾನು ಕಸ್ತೂರಿ. ರಾಣೆಬೆನ್ನೂರಿನ ಒಂದು ಖಾಸಗಿ ದವಾಖಾನೆಯಲ್ಲಿ ಎದೆರೋಗದ ಡಾಕ್ಟರ ಕೈಕೆಳಗೆ ನರ್ಸ್ ಆಗಿದ್ದೆ. ಯಾರ ಮನೆಗೆ ಸಿಪ್ಯಾಪ್ ಹೋದರೂ ಅದನ್ನು ಹೂಡಿ, ಹಾಕಿಕೊಳ್ಳುವುದನ್ನು ಕಲಿಸಿ, ಅವರು ಬಿಡದಂತೆ ಬೆನ್ನು ಹತ್ತುವ ಕೆಲಸ ನನ್ನದು. ಹಾವೇರಿ, ಬ್ಯಾಡಗಿ, ಸುತ್ತಲಿನ ಹಳ್ಳಿ ಎಲ್ಲ ತಿರುಗಿದ್ದೇನೆ. ಈಗ ನಿವೃತ್ತಿಯಾಗಿ ಮನೆಯಲ್ಲಿದ್ದರೂ ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರು ಫೋನ್ ಮಾಡುತ್ತಾರೆ. ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಗಂಟಲಾ ಒಣಗ್ತೈತಿ ಅಂತಾರ, ಏನ್ ಮಾಡ್ಲಿ?" ಅದಕ್ಕೆ ಒಂದೇ ಉತ್ತರ ಇದ್ದಿದ್ದರೆ ನಾನು ಕಾಗದ ಪೆನ್ನು ಹಿಡಿದು ಕೂರುತ್ತಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಗೊರಕೆ ಹೊಡೆಯುವ ಕೆಲವರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿ ಉಸಿರು ನಿಂತುಬಿಡುತ್ತದೆ, ಆಮೇಲೆ ಗಕ್ಕನೆ ಬರುತ್ತದೆ. ರಾತ್ರಿಯಿಡೀ ಇದೇ ಆಟ. ಹಗಲು ಕೂತಲ್ಲಿ ತೂಕಡಿಕೆ, ರಕ್ತದೊತ್ತಡ, ಹೃದಯಕ್ಕೂ ತ್ರಾಸು. ಸಿಪ್ಯಾಪ್ ಎಂದರೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಒಂದು ಯಂತ್ರ. ಅದರಿಂದ ಹೊರಟ ಪೈಪಿನ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕ್. ಗಾಳಿಯನ್ನು ಒತ್ತಿ ಒಳಗೆ ಕಳಿಸಿ ಗಂಟಲಿನ ದಾರಿ ತೆರೆದಿರುವಂತೆ ಅದು ನೋಡಿಕೊಳ್ಳುತ್ತದೆ. ನಾನು ಕಲಿಯುವಾಗ ಬರುತ್ತಿದ್ದ ಯಂತ್ರಗಳಿಂದ ಒಣ ಗಾಳಿಯೇ ನುಗ್ಗುತ್ತಿತ್ತು. ಎರಡನೇ ದಿನಕ್ಕೆ ಯಂತ್ರ ಅಟ್ಟ ಸೇರುತ್ತಿತ್ತು. ಆಮೇಲೆ ಪಕ್ಕದಲ್ಲಿ ನೀರಿನ ಪುಟ್ಟ ಡಬ್ಬಿ ಇರುವ ಯಂತ್ರಗಳು ಬಂದವು. ಅವು ನೀರನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಕೊಡುತ್ತವೆ. ಎಷ್ಟು ತೇವ ಬೇಕು ಎನ್ನುವುದಕ್ಕೆ ಒಂದು ಗುಂಡಿ ಇರುತ್ತದೆ, ಅಂಕಿ ಏರಿಸಬಹುದು, ಇಳಿಸಬಹುದು. ಇಷ್ಟೇ ಯಂತ್ರ. ಉಳಿದದ್ದೆಲ್ಲ ಮನುಷ್ಯರ ಕಥೆ.

ನಮ್ಮ ಡಾಕ್ಟರು ಬಹಳ ಒಳ್ಳೆಯವರು, ಆದರೆ ಮಾತು ಕಡಿಮೆ. ರೋಗಿ ಗಂಟಲು ಹಿಡಿದುಕೊಂಡು ಬಂದರೆ ತಲೆ ಎತ್ತದೆ, "ಹ್ಯುಮಿಡಿಟಿ ಏರಿಸ್ರಿ ಸಿಸ್ಟರ್" ಎಂದು ಮುಂದಿನವರನ್ನು ಕರೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಊಟವಾದ ಮೇಲೆ ಅವರು ತಮ್ಮ ಕೋಣೆಯಲ್ಲಿ ಸ್ವಲ್ಪ ಅಡ್ಡಾಗುವ ಹೊತ್ತಿಗೆ, "ಸರ್, ನೀವೂ ಒಮ್ಮೆ ಹಾಕ್ಕೊಂಡು ನೋಡ್ರಲ್ಲ" ಎಂದೆ. ಅವರು ನಕ್ಕು ಮಾಸ್ಕ್ ಕಟ್ಟಿಕೊಂಡು ಮಲಗಿದರು. ನೀರಿನ ಡಬ್ಬಿ ಹಾಕಬೇಡಿ, ಹಾಗೇ ನೋಡೋಣ ಎಂದೂ ಅವರೇ ಹೇಳಿದ್ದರು. ನಿದ್ದೆಯಲ್ಲಿ ಬಾಯಿ ತೆರೆಯಿತು. ಮೂಗಿನಿಂದ ಹೋದ ಗಾಳಿ ಬಾಯಿಂದ ಹೊರಗೆ. ಎದ್ದು ಹೊರಗೆ ಬಂದು ಮೊದಲ ರೋಗಿಯ ಹೆಸರು ಕರೆಯಲು ಹೋದರೆ ಹಳೆಯ ಬಾಗಿಲು ಕಿರುಗುಟ್ಟಿದಂತೆ ಏನೋ ಸದ್ದು ಬಂತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಔಷಧದ ಕೋಣೆಗೆ ಓಡಿದೆ.

ಅಂದಿನಿಂದ ಅವರು ಒಂದು ನಿಯಮ ಮಾಡಿದರು. ಈ ಕೆಲಸಕ್ಕೆ ಸೇರುವ ಯಾರೇ ಇರಲಿ, ಒಂದು ದಿನ ಯಂತ್ರ ಹಾಕಿಕೊಂಡು ಮಲಗಿ ಎದ್ದ ಮೇಲೆಯೇ ರೋಗಿಯ ಮುಂದೆ ನಿಲ್ಲಬೇಕು. ನೀವೂ ಹಾಗೆ ಮಾಡಿ. ಗಂಟಲು ಒಣಗುವುದೆಂದರೆ ನೀರಡಿಕೆಯಲ್ಲ, ಅದು ಬೇರೆಯೇ ಸಂಕಟ ಎಂದು ಗೊತ್ತಾಗುತ್ತದೆ.

ಇನ್ನು ಫಕೀರಪ್ಪನವರ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ಚಿಂತೆ ಕೊಟ್ಟವರು ಅವರು, ಕೊನೆಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟವರೂ ಅವರೇ.

ಅವರು ರಾಣೆಬೆನ್ನೂರಿನ ತರಕಾರಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಗೆ ಸವಾಲು ಕೂಗುವವರು. ನಸುಕಿನಲ್ಲಿ ರೈತರು ತಂದು ಸುರಿದ ಬದನೆ, ಟೊಮ್ಯಾಟೊ, ಮೆಂತೆ ರಾಶಿಗಳ ಮುಂದೆ ನಿಂತು ದರ ಕೂಗಿ, ಕೊಳ್ಳುವವರ ಸನ್ನೆ ನೋಡಿ, ಏರಿಸಿ, "ಒಂದ್ಸಲ, ಎರಡ್ಸಲ, ಮೂರ್ಸಲ" ಎಂದು ಮುಗಿಸಬೇಕು. ಸುತ್ತ ಗಾಡಿಗಳ ಗದ್ದಲ, ಪಕ್ಕದ ಅಂಗಡಿಯ ಸವಾಲು, ಹಮಾಲರ ಕೂಗು. ಅದೆಲ್ಲವನ್ನೂ ಮೀರಿ ಫಕೀರಪ್ಪನವರ ದನಿ ರಸ್ತೆಯ ಆಚೆಗೆ ಕೇಳಿಸುತ್ತಿತ್ತು. ರೈತರು ಆ ದನಿ ನಂಬಿ ಆ ಅಂಗಡಿಗೆ ಮಾಲು ಹಾಕುತ್ತಿದ್ದರು.

ಅಂಥವರು ಒಂದು ಬೆಳಿಗ್ಗೆ ಹೀರೇಕಾಯಿ ರಾಶಿಯ ಮುಂದೆ "ಒಂದ್ಸಲ, ಎರಡ್ಸಲ" ಎಂದು ನಿಂತಲ್ಲೇ ಕಣ್ಣು ಮುಚ್ಚಿದರಂತೆ. ಮೂರನೆಯದು ಬರಲೇ ಇಲ್ಲ. ಜನ ನಕ್ಕರು. ಅವರ ಹೆಂಡತಿ ರೇಣವ್ವ ಮಾತ್ರ ನಗಲಿಲ್ಲ, ಮರುದಿನವೇ ಗಂಡನನ್ನು ನಮ್ಮ ದವಾಖಾನೆಗೆ ಎಳೆದುಕೊಂಡು ಬಂದಳು.

"ರಾತ್ರಿ ಇವರ ಉಸುರು ನಿಂತ ಬಿಡ್ತೈತ್ರಿ ಅಕ್ಕಾರ. ನಾ ಎದ್ದು ಕುಂತು ಭುಜಾ ಅಲುಗಾಡಿಸಿದ್ರ ಮತ್ತ ಬರ್ತೈತಿ. ನಾ ಕಣ್ಣ ಮುಚ್ಚಿದಾಗ ನಿಂತ ಹೋದ್ರ ಯಾರು ಅಲುಗಾಡಸ್ಬೇಕ್ರಿ? ನಾ ನೆಟ್ಟಗ ಮಲಗಿದ್ದು ಯಾವಾಗ ಅನ್ನೋದ ಮರತೇನಿ."

ಆಕೆಯ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಗಂಡನ ರೋಗಕ್ಕಿಂತ ಹೆಂಡತಿಯ ಮುಖ ನೋಡಿ ನನಗೆ ಸಂಕಟವಾಯಿತು. ಆಮೇಲೆ ಗಮನಿಸಿದೆ, ಅವರ ಮನೆಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಒಂದು ರಿಂಗ್ ಆಗುವುದರೊಳಗೆ ರೇಣವ್ವ ಎತ್ತುತ್ತಿದ್ದಳು. ಎಚ್ಚರವಾಗಿರುವುದೇ ಆಕೆಯ ರೂಢಿಯಾಗಿತ್ತು.

ಪರೀಕ್ಷೆಯಾಗಿ ಯಂತ್ರ ಅವರ ಮನೆಗೆ ಹೋಯಿತು. ಉಸಿರು ನಿಲ್ಲುವುದು ನಿಂತಿತು. ಮೂರ್ನಾಲ್ಕು ದಿನಕ್ಕೆ ಫೋನ್ ಬಂತು. ಎತ್ತಿದರೆ ಬರೀ ಗಾಳಿ.

"ಫಕೀರಪ್ಪಾರ?" ಎಂದೆ.

ಹಿಂದಿನಿಂದ ರೇಣವ್ವ ಹೇಳಿದಳು: "ಹೌದ್ರಿ, ಅವರ. ದನಿ ಹೊರಡವಲ್ದು. ಇವತ್ತ ಸವಾಲು ಕೂಗಾಕ ಆಗ್ಲಿಲ್ಲ."

ಅಂದು ಸಂಜೆ ಅವರ ಮನೆಗೆ ಹೋದೆ. ಅಷ್ಟರೊಳಗೆ ದನಿ ಒಂದಿಷ್ಟು ಬಂದಿತ್ತು. ಫಕೀರಪ್ಪ ಯಂತ್ರವನ್ನು ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದರು. "ಒಯ್ದ ಬಿಡ್ರಿ ಅಕ್ಕಾರ. ನಿದ್ದಿ ಇದ್ರ ದನಿ ಇಲ್ಲ, ದನಿ ಇದ್ರ ನಿದ್ದಿ ಇಲ್ಲ. ಎರಡರಾಗ ಒಂದು ಬಿಡು ಅಂದ್ರ ನಾ ನಿದ್ದೀನ ಬಿಡ್ತೀನಿ. ದನಿ ಬಿಟ್ರ ನಾ ಯಾರು ಹೇಳ್ರಿ?"

"ಮತ್ತ ಜೀವಾ?" ಎಂದಳು ರೇಣವ್ವ ಒಲೆಯ ಮುಂದಿನಿಂದ.

ಅಂಗಡಿಯ ಸಾವಕಾರರೂ ಮಾತು ಮುಗಿಸಿದ್ದರು. ಸಂಕ್ರಾಂತಿ ಮಾರುಕಟ್ಟೆಯ ತನಕ ನೋಡುತ್ತೇನೆ, ದನಿ ಸರಿಹೋಗದಿದ್ದರೆ ಸವಾಲಿಗೆ ಬೇರೆಯವರು, ನೀನು ತೂಕದ ಕಡೆ ಕೂತುಕೋ ಎಂದಿದ್ದರಂತೆ. ಸಾವಕಾರರು ಕೆಟ್ಟವರಲ್ಲ, ಅವರ ಅಂಗಡಿ ನಡೆಯಬೇಕಲ್ಲ. ಆದರೆ ಫಕೀರಪ್ಪನವರಿಗೆ ತೂಕದ ಕಡೆ ಕೂರುವುದೆಂದರೆ ಮನೆಯಲ್ಲಿ ಕೂತಂತೆಯೇ. ನಾನು ಚೀಲದಿಂದ ಯಂತ್ರ ಹೊರಗೆ ತೆಗೆದೆ. "ಸಂಕ್ರಾಂತಿ ಮಟ ನನಗೂ ಟೈಮ್ ಕೊಡ್ರಿ" ಎಂದೆ. ಬಾಯಿಂದ ಮಾತು ಬಿತ್ತು, ಹೇಗೆ ಸರಿಮಾಡುವುದು ಎಂದು ಮಾತ್ರ ನನಗೇ ಗೊತ್ತಿರಲಿಲ್ಲ.

ಮೊದಲು ನೋಡಿದ್ದು ಫಿಲ್ಟರ್. ಯಂತ್ರದ ಹಿಂಭಾಗದಲ್ಲಿ ಗಾಳಿ ಒಳಗೆ ಹೋಗುವ ಕಡೆ ಸ್ಪಂಜಿನಂಥ ಸಣ್ಣ ತುಂಡು ಇರುತ್ತದೆ. ಗಂಟಲಿನ ದೂರು ಬಂದ ಕೂಡಲೇ ನನ್ನ ಕೈ ಅಲ್ಲಿಗೇ ಹೋಗುವುದಕ್ಕೆ ಬ್ಯಾಡಗಿಯ ಖಾದರಸಾಬರು ಕಾರಣ.

ಖಾದರಸಾಬರು ಮೆಣಸಿನಕಾಯಿ ವ್ಯಾಪಾರಿ. ಯಂತ್ರ ಹಾಕಿಕೊಂಡರೆ ಗಂಟಲು ಉರಿ, ಒಣಕೆಮ್ಮು. ನಾನು ಫೋನಿನಲ್ಲೇ ತೇವದ ಅಂಕಿ ಏರಿಸಲು ಹೇಳಿ ಹೇಳಿ ಸೋತೆ. ಕೊನೆಗೆ ಬ್ಯಾಡಗಿಗೆ ಹೋಗಿ ಫಿಲ್ಟರ್ ಎಳೆದರೆ ಅದು ಕುಂಕುಮದ ಹಾಗೆ ಕೆಂಪಗಿತ್ತು. ಸುಗ್ಗಿಯ ಕಾಲ, ಗೋದಾಮು ತುಂಬಿ ಉಳಿದ ಚೀಲಗಳನ್ನು ಮಂಚದ ಕೆಳಗೆ ಇಟ್ಟಿದ್ದರು. ಯಂತ್ರವೂ ಅಲ್ಲೇ ನೆಲದ ಮೇಲೆ, ಚೀಲಕ್ಕೆ ಬೆನ್ನು ಹಚ್ಚಿ ಕೂತಿತ್ತು. ಗಾಳಿಯ ಜೊತೆ ಮೆಣಸಿನ ಧೂಳನ್ನೂ ಎಳೆದು ಸಾಬರ ಮೂಗಿಗೆ ಕಳಿಸುತ್ತಿತ್ತು.

"ಇದರ ಘಾಟಿಗೆ ಗಂಟಲಾ ಉರೀದ ಇರ್ತೈತೇನ್ರಿ?" ಎಂದೆ.

ಸಾಬರಿಗೆ ಅವಮಾನವಾಯಿತು. "ನಮ್ಮ ಬ್ಯಾಡಗಿ ಕಾಯಿಗೆ ಘಾಟು ಎಲ್ಲಿ ಐತ್ರಿ ಬಾಯಾರ? ಅದಕ್ಕ ಬಣ್ಣ ಅಷ್ಟ. ಘಾಟು ಬೇಕಂದ್ರ ಗುಂಟೂರು ಕಾಯಿ ನೋಡ್ಬೇಕು" ಎಂದು ಹೇಳುತ್ತಲೇ ಸೀನಿದರು. ಒಳಗಿನಿಂದ ಅವರ ಬೀಬಿಯೂ ಸೀನಿದರು. ಆ ಊರಲ್ಲಿ ಸೀನನ್ನು ಯಾರೂ ರೋಗ ಎಂದು ತಿಳಿಯುವುದಿಲ್ಲ. ಚೀಲಗಳು ಪಡಸಾಲೆಗೆ ಹೋದವು, ಯಂತ್ರ ಸ್ಟೂಲ್ ಏರಿತು, ಹೊಸ ಫಿಲ್ಟರ್ ಬಿತ್ತು. ವಾರದೊಳಗೆ ಕೆಮ್ಮು ಹೋಯಿತು. ಸಾಬರು ಖುಷಿಯಾಗಿ ನನಗೊಂದು ಚೀಲ ಮೆಣಸಿನಕಾಯಿ ಕಳಿಸಿದರು. ಅದನ್ನು ಕುಟ್ಟಿಸುವ ತನಕ ನಮ್ಮ ಮನೆಯಲ್ಲೂ ಎಲ್ಲರೂ ಸೀನಿದೆವು.

ಫಕೀರಪ್ಪನವರ ಫಿಲ್ಟರ್ ಮಾತ್ರ ಬೆಳ್ಳಗಿತ್ತು.

ಎರಡನೆಯದು ನೀರು. ಡಬ್ಬಿಗೆ ಜನ ಏನೇನು ಹಾಕುತ್ತಾರೆ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಬೋರಿನ ಗಡಸು ನೀರು ಹಾಕಿ ತಳಕ್ಕೆ ಸುಣ್ಣ ಕಟ್ಟಿಸಿಕೊಂಡವರು, ನೆಗಡಿಗೆ ಒಳ್ಳೆಯದೆಂದು ನೀಲಗಿರಿ ಎಣ್ಣೆ ಬಿಟ್ಟವರು ಬಹಳ. ಎಣ್ಣೆ ಗಿಣ್ಣೆ ಏನೂ ಅದರೊಳಗೆ ಹೋಗಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು. ಹಲಗೇರಿಯ ಒಬ್ಬ ಅಜ್ಜ ಇವರೆಲ್ಲರನ್ನೂ ಮೀರಿಸಿದ್ದ. ಅಮಾವಾಸ್ಯೆಗೆ ಗಳಗನಾಥಕ್ಕೆ ಹೋದಾಗ ಹೊಳೆಗಳು ಕೂಡುವಲ್ಲಿ ಕ್ಯಾನ್ ತುಂಬಿಕೊಂಡು ಬಂದು ಅದನ್ನೇ ಡಬ್ಬಿಗೆ ಹಾಕುತ್ತಿದ್ದ. ಡಬ್ಬಿಯ ತಳದಲ್ಲಿ ಉಸುಕು, ಗೋಡೆಗೆ ಪಾಚಿ. "ಉಸುರಿನಾಗ ಹೋಗೂ ನೀರವ್ವಾ, ಅದು ಪವಿತ್ರ ಇರಬ್ಯಾಡೇನ?" ಎಂದ.

ಬೈಯಲು ಬಾಯಿ ಬರಲಿಲ್ಲ. "ಅಜ್ಜಾರ, ತೀರ್ಥಾ ಬಾಯಿಲೆ ತಗೋಳೂದಲ್ರಿ? ಯಾರರ ಮೂಗಿಲೆ ತಗೋತಾರೇನು?" ಎಂದೆ.

ಅಜ್ಜ "ಅದೂ ಖರೇನ ಬಿಡವಾ" ಎಂದು ನಕ್ಕ. ಆಮೇಲೆ ಡಿಸ್ಟಿಲ್ಡ್ ನೀರನ್ನೇ ಹಾಕಿದ. ನೀವೂ ಅದನ್ನೇ ಹೇಳಿ. ಉಳಿದ ನೀರು ದಿನಾ ಚೆಲ್ಲಬೇಕು, ಡಬ್ಬಿ ತೊಳೆದು ಒಣಗಿಸಬೇಕು, ಗೆರೆ ಮೀರಿ ತುಂಬಬಾರದು. ರೇಣವ್ವನಿಗೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ. ಆಕೆ ಆ ಡಬ್ಬಿಯನ್ನು ದೇವರ ಪಾತ್ರೆಗಳ ಜೊತೆ ಬೋರಲು ಹಾಕಿದ್ದಳು.

ಮೂರನೆಯದು ಮಾಸ್ಕ್. ಇಲ್ಲಿ ಹುಬ್ಬಳ್ಳಿಯಿಂದ ಬರುತ್ತಿದ್ದ ಕಂಪನಿಯ ಮ್ಯಾನೇಜರ್ ಒಬ್ಬರನ್ನು ನೆನೆಯಬೇಕು. ಹೊಸ ಯಂತ್ರಗಳು ಯಾರು ಎಷ್ಟು ಹೊತ್ತು ಹಾಕಿಕೊಂಡರು, ಗಾಳಿ ಎಷ್ಟು ಸೋರಿತು ಎಂದು ಮೊಬೈಲಿಗೆ ಸುದ್ದಿ ಕಳಿಸುತ್ತವೆ. ಅವರಿಗೆ ಆ ಮೊಬೈಲ್ ಪರದೆಯೇ ರೋಗಿ. ಹಾವೇರಿಯಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಇದ್ದರು. ಅವರ ಮಗಳು ಬೇರೆ ಊರಿನಲ್ಲಿ ಕುಳಿತು ಅಪ್ಪ ಯಂತ್ರ ಹಾಕಿಕೊಂಡರೋ ಇಲ್ಲವೋ ಎಂದು ಫೋನಿನಲ್ಲಿ ದಿನಾ ನೋಡುತ್ತಿದ್ದಳು. ರಾತ್ರಿಯಿಡೀ ಯಂತ್ರ ನಡೆದಿದೆ, ಆದರೆ ಗಾಳಿ ವಿಪರೀತ ಸೋರುತ್ತಿದೆ, ದೊಡ್ಡ ಮಾಸ್ಕ್ ಕೊಡಿ ಎಂದರು ಮ್ಯಾನೇಜರ್. ನಾನು ಹಾವೇರಿಗೆ ಹೋದೆ.

ಹಾಸಿಗೆಯ ಪಕ್ಕದ ದಿಂಬಿನ ಮೇಲೆ ಮಾಸ್ಕ್ ಮಲಗಿದ ಗುರುತು ಇತ್ತು. ದಿಂಬಿನ ತುಂಬ ಬೆಕ್ಕಿನ ಕೂದಲು. ಮಾಸ್ತರರು ಮೊದಲು ಎಡಕ್ಕೆ ನೋಡಿದರು, ಆಮೇಲೆ ಬಲಕ್ಕೆ. ಕೊನೆಗೆ ಒಪ್ಪಿಕೊಂಡರು. "ನನಗ ಗಂಟಲಾ ಒಣಗ್ತೈತ್ರಿ. ಬೆಕ್ಕಿಗೆ ಆ ಬೆಚ್ಚನ್ನ ಗಾಳಿ ಭಾಳ ಹಿಡಿಸೇತಿ. ಯಂತ್ರ ಚಾಲೂ ಮಾಡಿ ಅದರ ಮುಂದ ಇಡ್ತೀನಿ. ಮಗಳಿಗೂ ಸಮಾಧಾನ."

ನಾನು ಎಷ್ಟು ನಕ್ಕೆನೆಂದರೆ ಅವರೂ ನಗಬೇಕಾಯಿತು. ಆಮೇಲೆ ನೋಡಿದರೆ ಅವರ ಮೂಗು ಕಟ್ಟಿಕೊಂಡಿತ್ತು. ಮೂಗು ಕಟ್ಟಿದವರು ಬಾಯಿ ತೆರೆದೇ ಮಲಗುತ್ತಾರೆ, ಬಾಯಿ ತೆರೆದರೆ ಎಷ್ಟು ತೇವ ಕೊಟ್ಟರೂ ಗಂಟಲು ಒಣಗುತ್ತದೆ. ಡಾಕ್ಟರು ಮೂಗಿಗೆ ಔಷಧಿ ಕೊಟ್ಟರು, ಬಾಯಿ ತೆರೆಯದಂತೆ ಗದ್ದಕ್ಕೆ ಒಂದು ಪಟ್ಟಿ ಕೊಟ್ಟರು, ಸರಿಹೋಯಿತು. ಬೆಕ್ಕಿಗೆ ಮಾತ್ರ ಆ ಚಳಿಗಾಲ ನಷ್ಟವಾಯಿತು.

ಫಕೀರಪ್ಪನವರ ಮೂಗನ್ನೂ ಡಾಕ್ಟರು ನೋಡಿದರು, ಸ್ವಚ್ಛವಾಗಿತ್ತು. ಬಾಯಿ ಮುಚ್ಚಿಯೇ ಮಲಗುತ್ತಾರೆ ಎಂದು ರೇಣವ್ವ ಸಾಕ್ಷಿ ಹೇಳಿದಳು. ಆಕೆಗಿಂತ ದೊಡ್ಡ ಸಾಕ್ಷಿ ಯಾರಿದ್ದರು?

ಉಳಿದದ್ದು ತೇವದ ಗುಂಡಿ. ಅಂಕಿ ಏರಿಸಿದೆ. ಮರುದಿನ ಫಕೀರಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. "ಪೈಪಿನಾಗ ನೀರು ಗುಳುಗುಳು ಅಂತೈತ್ರಿ. ಹೊರಳಿದ್ರ ಮೂಗಿನಾಗ ಸೊರ್ ಅಂತ ಬರ್ತೈತಿ. ಹೊಳ್ಯಾಗ ಮುಳುಗಿದ್ಹಂಗ ಆಗಿ ತಗದ ಒಗದೇನಿ." ಇಳಿಸಿದೆ. ಗುಳುಗುಳು ನಿಂತಿತು, ದನಿಯೂ ನಿಂತಿತು. ನಡುವೆ ಇಟ್ಟೆ. ಒಂದು ದಿನ ಅದು, ಒಂದು ದಿನ ಇದು. ಪೈಪನ್ನೇ ಬೆಚ್ಚಗೆ ಇಡುವ ಹೊಸ ಯಂತ್ರಗಳು ಬಂದಿದ್ದವು, ಆದರೆ ಆ ಪೈಪು ಇವರ ಯಂತ್ರಕ್ಕೆ ಕೂಡುತ್ತಿರಲಿಲ್ಲ. ಸಂಕ್ರಾಂತಿ ಹತ್ತಿರ ಬಂತು. ಫಕೀರಪ್ಪ ಒಂದು ರಾತ್ರಿ ಹಾಕಿಕೊಳ್ಳುವುದು, ಎರಡು ರಾತ್ರಿ ಬಿಡುವುದು ಶುರು ಮಾಡಿದರು. ಬಿಟ್ಟ ರಾತ್ರಿ ರೇಣವ್ವ ಮತ್ತೆ ಎದ್ದು ಕೂರುವುದು. ನನಗೆ ಆ ಮನೆಯ ಫೋನ್ ಬಂದರೆ ಎತ್ತಲು ಹೆದರಿಕೆಯಾಗತೊಡಗಿತು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಒಂದು ದಿನ ಮಧ್ಯಾಹ್ನ ಬೇರೆ ಕೆಲಸಕ್ಕೆ ಆ ಓಣಿಗೆ ಹೋದವಳು ಅವರ ಮನೆಗೂ ಹೊಕ್ಕೆ. ರೇಣವ್ವ ಕಟ್ಟೆಯ ಮೇಲೆ ಹಳೆಯ ಸೀರೆ, ಧೋತರಗಳ ತುಂಡು ಹರಡಿಕೊಂಡು ಕೌದಿ ಹೊಲಿಯುತ್ತಿದ್ದಳು. ಸವಾಲು ಕೂಗುವವರ ದಿನ ನಸುಕಿನಲ್ಲಿ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಉಂಡು ಮಲಗುವುದು ಅವರ ಪದ್ಧತಿ. ಒಳಗೆ ತಗಡಿನ ಕೋಣೆಯಲ್ಲಿ ಫಕೀರಪ್ಪ ಮಾಸ್ಕ್ ಹಾಕಿಕೊಂಡು ಮಲಗಿದ್ದರು.

ನಮ್ಮ ಮಾತಿನ ಸದ್ದಿಗೆ ಎದ್ದು, ಮಾಸ್ಕ್ ತೆಗೆದು, "ಅಕ್ಕಾರ ಯಾವಾಗ ಬಂದ್ರಿ? ಕುಂದ್ರಿ, ಕುಂದ್ರಿ!" ಎಂದರು.

ಆ ದನಿಗೆ ತಗಡು ಗಣಗಣ ಎಂದಿತು. ನಾನು ಹಾಗೇ ನಿಂತೆ. "ಫಕೀರಪ್ಪಾರ, ಅಂಕಿ ಎಷ್ಟಕ್ಕ ಇಟ್ಟೀರಿ?"

"ನೀವು ಏರಿಸಿದ್ರಲ್ಲ, ಅಷ್ಟಕ್ಕ. ಹಗಲಿ ಏನೂ ಆಗೂದಿಲ್ರಿ. ಗುಳುಗುಳೂ ಇಲ್ಲ, ಗಂಟಲಾನೂ ಛಲೋ ಇರ್ತೈತಿ. ರಾತ್ರಿ ಅಷ್ಟ ಅದಕ್ಕ ದೆವ್ವಾ ಬಡೀತೈತಿ."

ಹೋಗಿ ಪೈಪು ಮುಟ್ಟಿದೆ. ಬೆಚ್ಚಗಿತ್ತು. ಬಿಸಿಲಿಗೆ ತಗಡು ಕಾದು ಕೋಣೆಯೆಲ್ಲ ಬೆಚ್ಚಗಿತ್ತು. ಮೇಲೆ ನೋಡಿದೆ, ಮಂಚದ ನೇರಕ್ಕೆ ಫ್ಯಾನ್. "ರಾತ್ರಿ ಫ್ಯಾನ್ ಹಾಕ್ತೀರೇನು, ಈ ಥಂಡ್ಯಾಗ?" ಎಂದೆ. ಫ್ಯಾನ್ ಇಲ್ಲದಿದ್ದರೆ ಸೊಳ್ಳೆ ಎಂದಳು ರೇಣವ್ವ. ಕಿಡಕಿಯೂ ತೆರೆದೇ ಇರುತ್ತಿತ್ತು. ರಾತ್ರಿ ತಗಡು ತಣ್ಣಗಾಗಿ, ಫ್ಯಾನಿನ ಗಾಳಿ ನೇರ ಪೈಪಿನ ಮೇಲೆ ಬಿದ್ದು, ಒಳಗಿನ ಬೆಚ್ಚನೆಯ ತೇವವೆಲ್ಲ ಅನ್ನದ ಪಾತ್ರೆಯ ಮುಚ್ಚಳ ಬೆವರಿದಂತೆ ಪೈಪಿನೊಳಗೆ ಹನಿಯಾಗಿ ನಿಲ್ಲುತ್ತಿತ್ತು. ಇಷ್ಟು ದಿನ ಎಲ್ಲ ಬಿಟ್ಟು ಗುಂಡಿಯನ್ನೇ ತಿರುವಿದ್ದೆ. ನನ್ನ ಹಣೆ ನಾನೇ ಬಡಿದುಕೊಂಡೆ, ಆದರೆ ಮನಸ್ಸು ಹಗುರಾಯಿತು.

"ಪೈಪಿಗೆ ಥಂಡಿ ಆಗೇತ್ರಿ" ಎಂದೆ. "ಅದನ್ನ ಹೊದಿಕಿ ಒಳಗ ತಗೊಂಡು ಮಲಕ್ಕೋಬೇಕು."

"ಇವರು ನಿದ್ದ್ಯಾಗ ಗಾಣದ ಎತ್ತಿನ್ಹಂಗ ತಿರಗ್ತಾರ, ಹೊದಿಕಿ ಎಲ್ಲಿ ನಿಲ್ತೈತಿ?" ಎಂದ ರೇಣವ್ವ ಕೈಯಲ್ಲಿದ್ದ ಕೌದಿಯನ್ನು ನೋಡಿದಳು. ಆಮೇಲೆ ಪೈಪನ್ನು ನೋಡಿದಳು. "ಅಕ್ಕಾರ, ಅದಕ್ಕೂ ಒಂದು ಕೌದಿ ಹೊಲದ್ರ ಹೆಂಗ?"

ಸಂಜೆಯೊಳಗೆ ಹೊಲಿದೇ ಬಿಟ್ಟಳು. ತನ್ನ ಹಳೆಯ ಹಸಿರು ಸೀರೆ ಮೇಲೆ, ಗಂಡನ ಧೋತರ ಒಳಗೆ, ನಡುವೆ ಒತ್ತೊತ್ತಾಗಿ ಟಾಕಿ ಹೊಲಿಗೆ. ಉದ್ದನೆಯ ತೋಳಿನ ಹಾಗಿತ್ತು, ಪೈಪು ಅದರೊಳಗೆ ನುಸುಳಿತು. ಡಾಕ್ಟರಿಗೆ ಫೋಟೊ ಕಳಿಸಿದೆ. "ಮಾಸ್ಕಿನ ಮ್ಯಾಲಿನ ಗಾಳಿ ತೂತು ಮುಚ್ಚಬಾರದು, ಯಂತ್ರದ ಮ್ಯಾಲೆ ಬಟ್ಟಿ ಹಾಕಬಾರದು. ಪೈಪಿಗೆ ಅಡ್ಡಿ ಇಲ್ಲ" ಎಂದರು. ಆಮೇಲೆ, ಅಪರೂಪಕ್ಕೆ, ಇನ್ನೊಂದು ಮಾತು ಸೇರಿಸಿದರು: "ಛಲೋ ಐತಿ, ಸಿಸ್ಟರ್." ಯಂತ್ರವನ್ನು ಮಂಚಕ್ಕಿಂತ ತಗ್ಗಿನ ಸ್ಟೂಲಿನ ಮೇಲೆ ಇಡಿಸಿದೆ, ಹನಿ ಕೂತರೂ ಮೂಗಿಗೆ ಬರದೆ ಡಬ್ಬಿಗೇ ಇಳಿಯಲಿ ಎಂದು. ಕಿಡಕಿ ಅರ್ಧ ಮುಚ್ಚಿಸಿದೆ. ಅಂಕಿ ಮೇಲೆಯೇ ಇತ್ತು.

ಮರುದಿನ ಬೆಳಿಗ್ಗೆ ಫೋನ್. ಗಾಳಿಯಲ್ಲ, ಬೈಗುಳ. ಫಕೀರಪ್ಪ ಪೂರ್ತಿ ದನಿಯಲ್ಲಿ ಕೂಗುತ್ತಿದ್ದರು: "ಇರಿವಿ ರೀ ಅಕ್ಕಾರ! ಮಾಸ್ಕಿನ ತುಂಬ ಇರಿವಿ! ಮೀಸಿ ಒಳಗೂ ಹೊಕ್ಕಾವು!"

ಓಡಿದೆ. ಹಸಿರು ಕೌದಿಯ ಉದ್ದಕ್ಕೂ ಇರುವೆಗಳ ಸಾಲು. ಎಲ್ಲಿಂದ ಎಂದು ಹುಡುಕಿದರೆ ತುದಿಯ ಒಂದು ಮಡಿಕೆಯೊಳಗೆ ಹೋಳಿಗೆಯ ಚೂರು. ರೇಣವ್ವ ತಲೆ ತಗ್ಗಿಸಿದಳು. "ನಮ್ಮ ತವರಮನ್ಯಾಗ ಕೌದಿ ಮುಗಿಸುವಾಗ ಮೂಲ್ಯಾಗ ತಿನ್ನೂದು ಒಂದು ಚೂರು ಇಟ್ಟು ಹೊಲೀತೇವ್ರಿ. ಕೌದಿ ಹಸಗೊಂಡಿದ್ರ ಹೊತ್ತವರಿಗೆ ನಿದ್ದಿ ಬರೂದಿಲ್ಲಂತ. ಇವರಿಗೆ ಒಳ್ಳೇ ನಿದ್ದಿ ಬರ್ಲಿ ಅಂತ..."

ಫಕೀರಪ್ಪ ಇನ್ನೂ ಮೀಸೆ ಕೊಡವುತ್ತಿದ್ದರು. ನಾನು ಅವರ ಮುಖವನ್ನೇ ನೋಡಿದೆ. "ಫಕೀರಪ್ಪಾರ, ಇನ್ನೊಮ್ಮೆ ಬೈರಿ" ಎಂದೆ.

"ಯಾಕ್ರಿ?"

"ದನಿ ಹೆಂಗ ಬಂದೈತಿ ನೋಡ್ರಿ."

ಅವರು ಗಂಟಲು ಮುಟ್ಟಿಕೊಂಡರು. ಇರುವೆಗಳ ಗದ್ದಲದಲ್ಲಿ ಯಾರಿಗೂ ಇದು ತಿಳಿದೇ ಇರಲಿಲ್ಲ. ರೇಣವ್ವ ಹೋಳಿಗೆ ಚೂರು ಬಿಚ್ಚಿ ತೆಗೆದು ಮಾಳಿಗೆಯ ಮೇಲೆ ಕಾಗೆಗೆ ಇಟ್ಟಳು, ಕೌದಿ ಒಗೆದು ಒಣಗಿಸಿ ಮತ್ತೆ ತೊಡಿಸಿದಳು.

ಆದರೆ ಒಂದು ಬೆಳಗಿನ ಬೈಗುಳ ಬೇರೆ, ಸಂಕ್ರಾಂತಿ ಮಾರುಕಟ್ಟೆ ಬೇರೆ. ಹಬ್ಬದ ಹಿಂದಿನ ದಿನ ಎಲ್ಲರಿಗೂ ಎಲ್ಲ ತರಕಾರಿಯೂ ಬೇಕು, ಸವಾಲು ಬಿಸಿಲೇರುವ ತನಕ ನಿಲ್ಲುವುದಿಲ್ಲ. ಅಂದು ನಸುಕಿನಲ್ಲಿ ನಾನು ಚೀಲ ಹಿಡಿದುಕೊಂಡು ಮಾರುಕಟ್ಟೆಗೆ ಹೋದೆ. ಬದನೆಕಾಯಿ ನೆಪ. ಸಾವಕಾರರು ಗಾದಿಯ ಮೇಲೆ ಕೂತು ಫಕೀರಪ್ಪನವರನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಬದಲಿಗೆ ಕೂಗುವವನೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಯಾರಾಗಿ ನಿಂತಿದ್ದ. ಫಕೀರಪ್ಪ ಬದನೆ ರಾಶಿಯ ಮುಂದೆ ಬೋರಲು ಹಾಕಿದ ಕ್ರೇಟ್ ಮೇಲೆ ಹತ್ತಿದರು.

"ಬರ್ರಿ, ಬರ್ರಿ, ಮುಳಗಾಯಿ ನೋಡ್ರಿ, ಈಗರ ಹೊಲದಿಂದ ಬಂದಾವು, ಇಬ್ಬನಿ ಸುದ್ದಾ ಆರಿಲ್ಲ!"

ಗಾಡಿಗಳ ಸದ್ದು, ಹಮಾಲರ ಕೂಗು ಎಲ್ಲದರ ಮೇಲೆ ಆ ದನಿ ಹೋಯಿತು. ನನಗೆ ಅಳು ಬಂತು. ಮೆಂತೆ ಸಿವುಡಿನ ಹಿಂದೆ ಮುಖ ಮರೆಮಾಡಿಕೊಂಡೆ. ರಾಶಿಯ ಮೇಲೆ ರಾಶಿ ಮುಗಿಯಿತು, ದನಿ ಎಲ್ಲೂ ಒಡೆಯಲಿಲ್ಲ, "ಮೂರ್ಸಲ" ಒಮ್ಮೆಯೂ ತಪ್ಪಲಿಲ್ಲ. ಬಿಸಿಲು ಬಿದ್ದ ಮೇಲೆ ಸಾವಕಾರರು ಫಕೀರಪ್ಪನವರಿಗೆ ಚಹಾ ಕಳಿಸಿದರು. ಬದಲಿಗೆ ಬಂದವನು ಟವೆಲ್ ಕೊಡವಿ ತಕ್ಕಡಿಯ ಕಡೆ ಹೋದ.

ಈ ಸುದ್ದಿ ಮೊದಲು ತಿಳಿಯಬೇಕಾದವಳು ರೇಣವ್ವ. ಅಲ್ಲಿಂದಲೇ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಪೂರ್ತಿ ರಿಂಗ್ ಆಗಿ ನಿಂತಿತು. ಒಂದು ರಿಂಗಿಗೆ ಎತ್ತುವವಳು ಎತ್ತದೆ ಇದ್ದದ್ದು ಅದೇ ಮೊದಲು. ಫಕೀರಪ್ಪನವರಿಗೆ ಹೇಳಿದರೆ ಗಾಬರಿಯಾಗುತ್ತಾರೆಂದು ಹೇಳದೆ, ಆಟೊ ಹಿಡಿದು ಅವರ ಮನೆಗೆ ಹೋದೆ. ದಾರಿಯುದ್ದಕ್ಕೂ ಕೆಟ್ಟ ವಿಚಾರಗಳೇ.

ಬಾಗಿಲು ಬಡಿದೆ. ಸದ್ದಿಲ್ಲ. ಕಿಡಕಿಯಿಂದ ಕೂಗಿದೆ. ಆಮೇಲೆ ಜೋರಾಗಿ ಬಡಿದೆ, ಎದುರು ಮನೆಯವರು ಹೊರಗೆ ಬಂದರು. ಕೊನೆಗೆ ಒಳಗಿನಿಂದ ಬಾಗಿಲು ತೆರೆಯಿತು.

ರೇಣವ್ವ ನಿಂತಿದ್ದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಕೌದಿಯ ಟಾಕಿಗಳ ಗೆರೆ ಮೂಡಿತ್ತು. ಕಣ್ಣು ತೆರೆಯಲಾರದೆ ಬಿಸಿಲನ್ನು ನೋಡಿದಳು.

"ಇವರು ಎದ್ದು ಹೋಗಿದ್ದೂ ಗೊತ್ತಾಗಿಲ್ರಿ ನನಗ. ಹೊತ್ತು ಏರೇತೇನ್ರಿ ಅಕ್ಕಾರ?"

ನಾನು ಬದನೆಕಾಯಿಯ ಚೀಲವನ್ನು ಹೊಸ್ತಿಲ ಮೇಲೆ ಇಟ್ಟೆ.

"ಏರ್ಲಿ ಬಿಡವ್ವಾ" ಎಂದೆ. "ನೀ ಹೋಗಿ ಮಲಕ್ಕೋ."